ಮೈಕಿಗೆ ಹೊದಿಸಿದ ಸೆರಗು

ನಮ್ಮ ಮನೆಯ ಟ್ರಂಕಿನಲ್ಲಿ ಸೆರಗಿಲ್ಲದ ಒಂದು ಸೀರೆ ಇದೆ. ಗಿಣಿಹಸಿರು ಬಣ್ಣದ್ದು; ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ರೇಷ್ಮೆ. ನನ್ನ ಹೆಂಡತಿ ತಾಯಮ್ಮ ತೀರಿಕೊಂಡು ತಿಂಗಳಾದ ಮೇಲೆ ನನ್ನ ತಂಗಿ ಊರಿನಿಂದ ಬಂದು, ಪದ್ಧತಿಯಂತೆ ಅವಳ ಸೀರೆಗಳನ್ನು ನೆಂಟರ ಹೆಂಗಸರಿಗೆ ಹಂಚಲು ಕೂತಳು. ಒಂದೊಂದನ್ನೇ ಬಿಚ್ಚಿ, ಕೊಡವಿ, ಇದು ದೊಡ್ಡಮ್ಮನ ಮಗಳಿಗೆ, ಇದು ಸೋದರತ್ತೆಗೆ ಎಂದು ಮಡಿಸಿಡುತ್ತಿದ್ದವಳು ಈ ಸೀರೆಯ ತುದಿ ಕಂಡು ಗಾಬರಿಯಾದಳು.

“ಅಯ್ಯೋ, ಇಷ್ಟು ಒಳ್ಳೇ ಸೀರೇನ ಇಲಿ ತಿಂದ್ಬುಟ್ಟಿದೆ ಕಣಣ್ಣ!”

“ಇಲಿಯಲ್ಲ ಕಣಮ್ಮ, ಕತ್ತರಿ. ಸೆರಗು ಕೆಲಸಕ್ಕೆ ಹೋಗಿದೆ,” ಎಂದೆ.

ತಂಗಿ ನನ್ನ ಮುಖವನ್ನೇ ನೋಡಿದಳು. ದುಃಖದಲ್ಲಿ ಅಣ್ಣನ ಬುದ್ಧಿ ಸ್ವಲ್ಪ ಆ ಕಡೆ ಈ ಕಡೆ ಆಗಿದೆ ಎಂದುಕೊಂಡಳೋ ಏನೋ, ಸೀರೆಯನ್ನು ಟ್ರಂಕಿನೊಳಕ್ಕೆ ಹಾಕಿದಳು. ಸೆರಗಿಲ್ಲದ ಸೀರೆ ಯಾರಿಗೆ ಬೇಕು? ಉಳಿದವೆಲ್ಲ ಬಸ್ಸು ಹತ್ತಿ ಒಂದೊಂದು ಊರಿಗೆ ಹೋದವು. ಎಲ್ಲರಿಗೂ ಬೇಡವಾದ ಇದೊಂದು ನನ್ನ ಪಾಲಿಗೆ ಉಳಿಯಿತು. ಆ ಕತ್ತರಿಗೆ ನಾನು ಋಣಿ.

ಸೆರಗು ಯಾವ ಕೆಲಸಕ್ಕೆ ಹೋಯಿತು ಎಂದು ಹೇಳಬೇಕಾದರೆ ನನ್ನ ಕೆಲಸವನ್ನು ಮೊದಲು ಹೇಳಬೇಕು. ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಮಾರ್ಕೆಟ್ಟಿನ ಮಲ್ಲಿಗೆಯ ವಾಸನೆಗೆ ಗ್ರೀಸಿನ ವಾಸನೆ ಬೆರೆಯುವ ಜಾಗದಲ್ಲಿ, ಸೀಲಿಂಗ್ ಫ್ಯಾನು ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಅಲ್ಲಿ ಅಳತೆ ಗುಮಾಸ್ತನಾಗಿ ಸೇರಿದೆ. ರೆಕ್ಕೆಯ ಉದ್ದವೆಷ್ಟು, ನಿಮಿಷಕ್ಕೆ ಎಷ್ಟು ಸುತ್ತು, ಮೋಟಾರು ಎಷ್ಟು ಬಿಸಿಯಾಗುತ್ತದೆ, ಇವನ್ನೆಲ್ಲ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಇದಕ್ಕೆ ನನಗಿದ್ದ ಅರ್ಹತೆ ಎರಡು: ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ದುಂಡಗಿನ ಅಕ್ಷರದ ಅಪಾಯ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ತಪ್ಪನ್ನು ಸೊಟ್ಟಗೆ ಬರೆದರೆ ಜನ ಇನ್ನೊಮ್ಮೆ ನೋಡುತ್ತಾರೆ. ದುಂಡಗೆ ಬರೆದರೆ ನಂಬಿಬಿಡುತ್ತಾರೆ.

ಅಲ್ಲಿ ಮಾದಪ್ಪನವರು ಎಂಬ ಫಿಟ್ಟರ್ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಂಜನಗೂಡಿನ ಕಡೆಯ ಹಳ್ಳಿಯವರು. ಫ್ಯಾನಿನ ಮೂರು ರೆಕ್ಕೆಗಳನ್ನು ಒಂದೇ ತೂಕಕ್ಕೆ ತರುವುದು ಅವರ ಕೆಲಸ. ತಿರುಗುವ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಮೂರ್ನೇದು ಮುನಿಸ್ಕಂಡದೆ,” ಎನ್ನುತ್ತಿದ್ದರು. ಫ್ಯಾನು ನಿಲ್ಲಿಸಿ, ಆ ರೆಕ್ಕೆಯ ಬೆನ್ನಿಗೆ ಅರದಿಂದ ಎರಡೇ ಎರಡು ಸಲ ಉಜ್ಜುತ್ತಿದ್ದರು. ಆಮೇಲೆ ತಿರುಗಿಸಿದರೆ ಫ್ಯಾನು ಮದುವೆ ಮನೆಯಲ್ಲಿ ರಾಜಿಯಾದ ಬೀಗರ ಹಾಗೆ ತೆಪ್ಪಗೆ ಇರುತ್ತಿತ್ತು.

ಒಮ್ಮೆ ಒಂದು ದೊಡ್ಡ ಲೈಬ್ರರಿಯವರು ತಮ್ಮ ಓದುವ ಕೋಣೆಗೆ ಫ್ಯಾನು ಬೇಕೆಂದರು. ಷರತ್ತು ಮಾತ್ರ ಹೊಸದು: ಫ್ಯಾನಿನ ಸದ್ದನ್ನು ಮೈಕು ಇಟ್ಟು ಅಳೆಯಬೇಕು, ಅದು ಗೊತ್ತುಮಾಡಿದ ಗೆರೆ ದಾಟಬಾರದು. ಮೈಕನ್ನು ಎಲ್ಲೋ ಮೂಲೆಯಲ್ಲಿ ಇಡುವ ಹಾಗಿಲ್ಲ. ಓದುವವನ ತಲೆ ಎಲ್ಲಿರುತ್ತದೋ ಅಲ್ಲೇ, ಫ್ಯಾನಿನ ನೇರ ಕೆಳಗೇ ಇಡಬೇಕು. ನಮ್ಮ ಯಜಮಾನರು ಪರಿಚಯದ ಕಾಲೇಜು ಮೇಷ್ಟ್ರೊಬ್ಬರಿಂದ ಮೈಕು, ವಾಲ್ವುಗಳ ಪೆಟ್ಟಿಗೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಎಲ್ಲ ತರಿಸಿದರು. ಪೆಟ್ಟಿಗೆಯ ಮುಖದ ಮೇಲೆ ಗಾಜು, ಗಾಜಿನೊಳಗೆ ಒಂದು ಮುಳ್ಳು, ಮುಳ್ಳು ದಾಟಬಾರದ ಕಡೆ ಮೇಷ್ಟ್ರು ಎಳೆದ ಕೆಂಪು ಗೆರೆ.

ಮೊದಲ ಫ್ಯಾನು ಹಾಕಿದೆ. ಮುಳ್ಳು ಕೆಂಪು ಗೆರೆಯನ್ನು ಕಂಡೇ ಇಲ್ಲ ಎನ್ನುವಂತೆ ಹಾರಿ ಆಚೆ ತುದಿಗೆ ಬಡಿಯಿತು. ಹೆಡ್‌ಫೋನಿನಲ್ಲಿ ಆಷಾಢದ ಗಾಳಿಗೆ ತಗಡಿನ ಸೂರು ಬಡಿದುಕೊಳ್ಳುವಂಥ ಗುಡುಗುಡು. ಅದನ್ನು ಕಿವಿಯಿಂದ ತೆಗೆದರೆ ಮೆತ್ತಗಿನ ಒಂದು ಸುಯ್ಯೆಂಬ ಸದ್ದು, ಅಷ್ಟೆ. ಬುದ್ಧಿಯಿರುವವನಾದರೆ ಇಲ್ಲಿ ನಿಂತು ಯೋಚಿಸುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. “ಸದ್ದು ಹೆಚ್ಚು” ಎಂದು ಬರೆದೆ. ಹನ್ನೊಂದು ಫ್ಯಾನಿಗೆ ಹನ್ನೊಂದು ಸಲ, ದುಂಡಗೆ.

ಯಜಮಾನರು ಪುಸ್ತಕ ನೋಡಿ ಮಾದಪ್ಪನವರನ್ನು ಎಲ್ಲರೆದುರಿಗೆ ಕರೆದರು.

“ಏನಯ್ಯಾ, ಕೈ ಬಿದ್ದೋಯ್ತಾ ನಿಂದು? ಹನ್ನೊಂದರಲ್ಲಿ ಒಂದಾದ್ರೂ ಸರಿಯಾಗಿ ಬ್ಯಾಡ್ವಾ?”

“ಬುದ್ಧಿ, ಫ್ಯಾನ್ ಸದ್ದೇ ಮಾಡ್ತಿಲ್ಲ. ನಿಂತ್ಕಂಡು ಕೇಳಿ.”

“ಮುಳ್ಳು ಸುಳ್ಳು ಹೇಳ್ತದಾ? ಮುಂದಿನ ಬುಧವಾರ ಲೈಬ್ರರಿಯವರು ಬರ್ತಾರೆ. ಅಷ್ಟರಲ್ಲಿ ಮುಳ್ಳು ಇಳೀಲಿಲ್ಲ ಅಂದ್ರೆ ಬೆಂಗಳೂರಿಂದ ಬೇರೆ ಫಿಟ್ಟರ್ ಬರ್ತಾನೆ. ನೀನು ಊರಲ್ಲಿ ಎಮ್ಮೆ ಮೇಯಿಸ್ಕೊಂಡಿರು.”

ಮಾದಪ್ಪನವರು ನನ್ನ ಮೇಜಿನ ಹತ್ತಿರ ಬಂದರು. “ಸ್ವಾಮಿ, ಆ ಕಿವಿಮುಚ್ಚಳ ತೆಗ್ದು ನಿಮ್ ಕಿವೀಲೇ ಒಂದ್ಸಲ ಕೇಳ್ಬುಡಿ,” ಎಂದರು.

“ನನ್ನ ಕಿವಿಗೂ ಏನೂ ಕೇಳಲ್ಲ ಮಾದಪ್ಪನೋರೇ. ಆದ್ರೆ ಯಂತ್ರಕ್ಕೆ ಕೇಳ್ತದಲ್ಲ,” ಎಂದೆ.

ನಾನು ಆಡಿದ ಮಾತುಗಳಲ್ಲಿ ವಾಪಸು ನುಂಗಬೇಕೆನಿಸುವವು ಬಹಳಿಲ್ಲ. ನಾನು ಮಾತಾಡಿದ್ದೇ ಕಡಿಮೆ. ಇದೊಂದು ಮಾತ್ರ ಇವತ್ತಿಗೂ ಗಂಟಲಿನಲ್ಲಿ ಸಿಕ್ಕಿಕೊಂಡಿದೆ. ಅವರು ಹೋಗಿ ತಮ್ಮ ಅರಗಳನ್ನೆಲ್ಲ ಎಣ್ಣೆ ಬಟ್ಟೆಯಿಂದ ಒರೆಸತೊಡಗಿದರು. ಹೊರಡುವವರು ಒರೆಸುವ ರೀತಿಯಲ್ಲಿ ಒರೆಸುತ್ತಿದ್ದರು.

ಮನಸ್ಸು ತಡೆಯಲಿಲ್ಲ. ಮೈಕನ್ನು ಸ್ಟ್ಯಾಂಡಿನ ಸಮೇತ ಎತ್ತಿ ಫ್ಯಾನಿನ ಕೆಳಗಿಂದ ಪಕ್ಕಕ್ಕೆ, ಗಾಳಿ ಬಡಿಯದ ಕಡೆ ಇಟ್ಟು ನೋಡಿದೆ. ಮುಳ್ಳು ಮಲಗಿಬಿಟ್ಟಿತು. ಅಂದರೆ ಮೈಕು ಕೇಳುತ್ತಿದ್ದುದು ಫ್ಯಾನನ್ನಲ್ಲ, ತನ್ನ ಮುಖಕ್ಕೆ ಬಡಿಯುತ್ತಿದ್ದ ಗಾಳಿಯನ್ನು! ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು, “ಗಾಳಿ ತಾನಾಗಿ ಕೂಗುವುದು ಕಡಿಮೆ ಕಣಯ್ಯ. ಅದಕ್ಕೊಂದು ಅಂಚು ಸಿಗಬೇಕು. ಅಂಚಿಗೆ ತಾಗಿದರೆ ಸುಳಿಯಾಗುತ್ತೆ, ಸುಳಿಯಾದರೆ ಸದ್ದು. ಕೊಳಲು ನುಡಿಯುವುದೂ ಹಾಗೇ ಅಲ್ಲವೇ?” ಎಂದರು. ನಮ್ಮ ಮೈಕು ಫ್ಯಾನಿನ ಕೆಳಗೆ ಕೂತು ತಾನೇ ಕೊಳಲಾಗಿ, ತಾನೇ ಕಛೇರಿ ಮಾಡಿ, ತಾನೇ ಕೇಳಿ, ದೂರನ್ನು ಮಾತ್ರ ಮಾದಪ್ಪನವರ ಮೇಲೆ ಹಾಕುತ್ತಿತ್ತು. ಮನುಷ್ಯರಲ್ಲಿಯೂ ಇಂಥವರಿದ್ದಾರೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

“ಏನಾದರೂ ಹೊದಿಸಿ ನೋಡು,” ಎಂದರು ಮೇಷ್ಟ್ರು. “ಗಾಳಿ ಹೊರಗೆ ನಿಲ್ಲಬೇಕು, ಸದ್ದು ಒಳಗೆ ಬರಬೇಕು. ಎರಡನ್ನೂ ತಡೆದರೆ ಅದು ಅಳತೆಯಲ್ಲ, ಮೋಸ.”

ಹೇಳುವುದು ಸುಲಭ. ಟವೆಲ್ಲು ಸುತ್ತಿದೆ, ಗುಡುಗುಡು ಹೋಗಲಿಲ್ಲ, ಜೊತೆಗೆ ಬಟ್ಟೆ ಉಜ್ಜುವ ಸರಸರ ಸೇರಿತು. ಕಂಬಳಿ ಹೊದಿಸಿದೆ, ಮುಳ್ಳು ಇಳಿಯಿತು. ಆದರೆ ಮಾದಪ್ಪನವರನ್ನು ಪಕ್ಕದಲ್ಲಿ ನಿಲ್ಲಿಸಿ ಕೂಗಿಸಿದರೂ ಅದು ಏಳಲೊಲ್ಲದು. “ಇದ್ಕೆ ಕಿವೀನೇ ಓಯ್ತು, ಬುಡಿ ಸ್ವಾಮಿ,” ಎಂದರು ಅವರು. ಮಣ್ಣಿನ ಮಡಕೆಯೊಳಗೆ ಇಟ್ಟೆ. ಮಡಕೆ ತಾನೇ ಹೂಂಗುಟ್ಟತೊಡಗಿತು. ಗುರುವಾರ ಸಂಜೆಯಾಯಿತು. ಬುಧವಾರ ಹತ್ತಿರ ಬರುತ್ತಿತ್ತು.

ಮಾರನೆಯ ದಿನ ಆಷಾಢ ಶುಕ್ರವಾರ. ನಾನೂ ತಾಯಮ್ಮನೂ ಪ್ರತಿ ವರ್ಷದಂತೆ ಬೆಳಗ್ಗೆ ನಜರ್‌ಬಾದಿನ ಮನೆಯಿಂದ ನಡೆದೇ ಹೊರಟು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು. ಕಾರ್ಖಾನೆಯ ವಿಷಯ ಮನೆಯಲ್ಲಿ ಆಡುವ ಅಭ್ಯಾಸ ನನಗಿಲ್ಲ. ಆ ದಿನ ಮಾತ್ರ ಎಲ್ಲವನ್ನೂ ತಾಯಮ್ಮನಿಗೆ ಹೇಳಿದೆ: ಹನ್ನೊಂದು ಫ್ಯಾನು, ನನ್ನ ದುಂಡಗಿನ ಅಕ್ಷರ, ಮಾದಪ್ಪನವರು ಅರ ಒರೆಸಿದ್ದು. ನಂದಿಯ ಹತ್ತಿರ ಬರುವಷ್ಟರಲ್ಲಿ ಗಾಳಿ ಹೇಗಿತ್ತೆಂದರೆ, ಬೆಟ್ಟವೇ ನಮ್ಮನ್ನು ವಾಪಸು ಕಳಿಸಲು ನೋಡುತ್ತಿತ್ತು. ತಾಯಮ್ಮ ಏನೋ ಹೇಳಿದಳು. ನನ್ನ ಕಿವಿಯಲ್ಲಿ ಬರೀ ಭೋರ್ಗರೆತ.

“ಏನಂದೆ?”

ಮತ್ತೆ ಹೇಳಿದಳು. ಮತ್ತೆ “ಏನಂದೆ?” ಎಂದೆ. ಮೂರನೆಯ ಸಲಕ್ಕೆ ಅವಳು ನಿಂತಳು.

“ಅಲ್ರೀ, ನೀವು ಕೆಳಗಿಂದ ಹೇಳ್ಕೊಂಡು ಬಂದಿದ್ದೆಲ್ಲ ನಂಗೆ ಕೇಳ್ತು. ನಾ ಅಂದಿದ್ದು ಒಂದೂ ನಿಮಗ್ಯಾಕೆ ಕೇಳ್ತಿಲ್ಲ? ಗಾಳಿ ಇಬ್ರಿಗೂ ಒಂದೇ ಅಲ್ವಾ?”

ಆಗ ನೋಡಿದೆ. ಅವಳು ತಲೆಯ ಮೇಲೆ ಸೆರಗು ಹೊದ್ದಿದ್ದಳು. ನಾನು ಬರಿತಲೆ. ಅವಳು ಒಂದು ಮೆಟ್ಟಿಲು ಮೇಲೆ ನಿಂತು, ಸೆರಗಿನ ತುದಿಯನ್ನು ನನ್ನ ಕಿವಿಯ ಮೇಲೂ ಎಳೆದಳು. ಬಿಗಿಯಾಗಿ ಎಳೆದಾಗ ಗುಡುಗು ಹಾಗೇ ಇತ್ತು. ಕೈಯನ್ನು ಸ್ವಲ್ಪ ದೂರ ಹಿಡಿದು ಬಟ್ಟೆಯನ್ನು ಡೇರೆಯ ಹಾಗೆ ನಿಲ್ಲಿಸಿದಳು. ಗಾಳಿ ಹೋಯಿತು. ಹೋಗಿದ್ದು ಗಾಳಿ ಮಾತ್ರ. ಮೇಲಿನ ಗಂಟೆ, ಕೆಳಗಿನ ಜನರ ಮಾತು, ಅವಳ ಉಸಿರು ಎಲ್ಲ ಕೇಳಿಸುತ್ತಿತ್ತು.

“ಈಗ ಕೇಳ್ತಾ? ನಿಮ್ಮ ಮೈಕಿಗೂ ಹಿಂಗೇ ಒಂದು ಸೆರಗು ಹೊದಿಸ್ರೀ ಅಂದೆ. ಅಷ್ಟೇ ನಾ ಅಂದಿದ್ದು.”

ಅಲ್ಲೇ ಬಂಡೆಗೆ ಒರಗಿ ಮಜ್ಜಿಗೆ ಮಾರುತ್ತಿದ್ದ ಅಜ್ಜಿಯೊಬ್ಬಳು ಈ ನೋಟ ಬಿಡಲಿಲ್ಲ. “ಏನಪ್ಪೋ ಗಂಡ್ಸೇ, ಎಂಡ್ತಿ ಸೆರಗಿಡ್ಕಂಡೇ ಬೆಟ್ಟ ಅತ್ತೀಯಾ?”

ನಾನು ಸೆರಗಿನಿಂದ ತಲೆ ಹೊರಗೆಳೆದುಕೊಂಡೆ. ತಾಯಮ್ಮ ಮಾತ್ರ ಬಿಟ್ಟುಕೊಡಲಿಲ್ಲ. “ಇನ್ಯಾರ ಸೆರಗು ಹಿಡ್ಕೊಂಡ್ರೆ ಚೆಂದ, ನೀವೇ ಹೇಳಿ ಅಜ್ಜಿ?” ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕು ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ಆಷಾಢದಲ್ಲೂ ಆ ಬಂಡೆಯ ಹತ್ತಿರ ಅದೇ ಕುಚೋದ್ಯ, ಅದೇ ಮಜ್ಜಿಗೆ.

ಶನಿವಾರ ಮಾದಪ್ಪನವರು ಹಿತ್ತಾಳೆ ತಂತಿ ಬಗ್ಗಿಸಿ, ಕರಬೂಜದ ಹಣ್ಣಿನಷ್ಟು ದಪ್ಪದ ಗುಂಡನೆಯ ಗೂಡು ಮಾಡಿದರು. ಮೈಕು ಅದರ ನಡುವೆ, ಯಾವ ಕಡೆಯೂ ತಾಗದ ಹಾಗೆ. ಮೇಲೆ ಹೊದಿಸಲು ನಾನು ಹಳೆಯ ಪಂಚೆ ತಂದಿದ್ದೆ. ಸಾಲದಾಯಿತು, ಗಾಳಿ ನುಸುಳುತ್ತಿತ್ತು. ಮನೆಗೆ ಬಂದು, “ಬಟ್ಟೆ ತೆಳುವಾಗಿರಬೇಕು, ನೇಯ್ಗೆ ಒತ್ತಾಗಿರಬೇಕು, ಎರಡೂ ಎಲ್ಲಿ ಸಿಗ್ತದೆ?” ಎಂದು ಗೊಣಗಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ತಾಯಮ್ಮ ಕತ್ತರಿ ಹಿಡಿದು ಕೂತಿದ್ದಳು. ಮಡಿಲಲ್ಲಿ ಗಿಣಿಹಸಿರು ಸೀರೆ. ನನಗೆ ಕೆಲಸ ಸಿಕ್ಕಾಗ ಅವಳಿಗೆ ತಂದುಕೊಟ್ಟದ್ದು, ಅವಳಿಗಿದ್ದ ಒಂದೇ ರೇಷ್ಮೆ. ಸೆರಗು ಆಗಲೇ ಬೇರೆಯಾಗಿತ್ತು.

“ಲೇ, ಸೆರಗು ಕತ್ತರಿಸ್ತಾರೇನೇ ಯಾರಾದ್ರೂ?”

“ಮಾದಪ್ಪನೋರ ಮನೇಲಿ ಏಳು ಜನ ಇದಾರಂತೆ. ಸೀರೆ ಪೆಟ್ಟಿಗೇಲಿ ಕೂತು ಯಾರನ್ನ ಕಾಯ್ತದೆ? ಸುಮ್ನೆ ದಾರ ಪೋಣಿಸಿ ಕೊಡಿ.”

ದಾರ ಪೋಣಿಸಿ ಕೊಟ್ಟೆ. ಅವಳು ರೇಷ್ಮೆಯನ್ನು ಎರಡು ಪದರ ಮಾಡಿ, ಗೂಡಿನ ಅಳತೆಗೆ ಟೊಪ್ಪಿಗೆಯಂತೆ ಹೊಲಿದಳು.

ಬುಧವಾರ ಲೈಬ್ರರಿಯವರು ಬಂದರು, ಮೇಷ್ಟ್ರೂ ಬಂದರು. ಮೇಷ್ಟ್ರು ಮೊದಲು ಫ್ಯಾನು ನಿಲ್ಲಿಸಿ ಒಂದು ಪರೀಕ್ಷೆ ಮಾಡಿದರು. ಪೂಜೆಯ ಸಣ್ಣ ಗಂಟೆಯೊಂದನ್ನು ಒಂದೇ ಜಾಗದಲ್ಲಿ ಹಿಡಿದು, ಗೂಡು ಹಾಕಿ ಒಮ್ಮೆ, ತೆಗೆದು ಒಮ್ಮೆ ಬಾರಿಸಿದರು. ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿತು, ವ್ಯತ್ಯಾಸವಿದ್ದರೆ ಕೂದಲೆಳೆಯಷ್ಟು. ಸೆರಗು ಸದ್ದನ್ನು ತಡೆಯುವುದಿಲ್ಲ ಎಂದು ಖಾತ್ರಿಯಾಯಿತು. ಆಮೇಲೆ ಫ್ಯಾನು ಹಾಕಿದರು. ಮಾದಪ್ಪನವರು ಮುಳ್ಳನ್ನು ನೋಡಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ನೋಡಿದೆ. ಮುಳ್ಳು ಎದ್ದಿತು, ಸ್ವಲ್ಪ ನಡುಗಿತು, ಕೆಂಪು ಗೆರೆಗೆ ಬಹಳ ಈಚೆಯೇ ನಿಂತಿತು.

ಹತ್ತು ಫ್ಯಾನು ಹೀಗೆ ಪಾಸಾದವು. ಹನ್ನೊಂದನೆಯದು ಗೆರೆ ದಾಟಿತು. ನಾನು ಪೆನ್ನು ಕೆಳಗಿಟ್ಟೆ. ಮಾದಪ್ಪನವರು ಮಾತ್ರ ಮುಖ ಅರಳಿಸಿಕೊಂಡು ಬಂದು, ಕಣ್ಣು ಮುಚ್ಚಿ ಕೇಳಿ, ಅದನ್ನು ಕೆಳಗಿಳಿಸಿ ಬಿಚ್ಚಿದರು. ಬೇರಿಂಗಿನ ಒಂದು ಗುಂಡು ಸೀಳಿತ್ತು. “ಇದು ನಿಜ, ಸ್ವಾಮಿ. ಇದು ನಂದೇ ತಪ್ಪು. ಈಗ ಸರಿಯಾಗಿ ಕೇಳ್ತಾ ಅದೆ ನಿಮ್ ಪೆಟ್ಗೆ,” ಎಂದರು. ತನ್ನ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಯಜಮಾನರು ಕ್ಷಮೆ ಗಿಮೆ ಕೇಳುವವರಲ್ಲ. ಕಾಫಿ ತರಿಸಿ ಮೊದಲ ಲೋಟವನ್ನು ಮಾದಪ್ಪನವರ ಕೈಗೆ ಕೊಟ್ಟರು. ನಾನು ಪುಸ್ತಕ ತೆಗೆದು ಹತ್ತು ಕಡೆ “ಸದ್ದು ಹೆಚ್ಚು” ಎಂಬುದನ್ನು ಹೊಡೆದುಹಾಕಿ, “ಅಳತೆ ತಪ್ಪು, ಫ್ಯಾನು ಸರಿ” ಎಂದು ಬರೆದೆ. ಸಂದಿಯಲ್ಲಿ ತುರುಕಿ ಬರೆದದ್ದಕ್ಕೆ ಅಕ್ಷರ ಸೊಟ್ಟಗಾಯಿತು. ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು.

ಹೋದ ಮಾಘದಲ್ಲಿ ತಾಯಮ್ಮನಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದಳು, ಹತ್ತನೆಯ ದಿನ ಇರಲಿಲ್ಲ. ಮನೆ ತುಂಬ ಜನ ಬಂದರು, ಮಾತಾಡಿದರು. ಪುಣ್ಯವಂತೆ ಅಂದರು, ಮುತ್ತೈದೆಯಾಗಿ ಹೋದಳು ಅಂದರು, ಗಟ್ಟಿ ಮನಸ್ಸು ಮಾಡಿಕೊಳ್ಳಿ ಅಂದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಎಲ್ಲವೂ ಗುಡುಗುಡು ಎಂದೇ ಕೇಳುತ್ತಿತ್ತು. ಮನಸ್ಸಿನಲ್ಲೇ ಅವರ ಮೇಲೆ ರೇಗುತ್ತಿದ್ದೆ. ಬಹಳ ದಿನಗಳ ಮೇಲೆ ಹೊಳೆಯಿತು, ಅವರ ಮಾತಿನಲ್ಲಿ ಸದ್ದಿರಲಿಲ್ಲ; ಮಾತು ಬಂದು ತಾಗುತ್ತಿದ್ದ ಅಂಚು ನನ್ನಲ್ಲಿತ್ತು. ಹನ್ನೊಂದು ಫ್ಯಾನಿಗೆ ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಿದ್ದೆ.

ಮಾದಪ್ಪನವರೂ ದಿನಾ ಬರುತ್ತಿದ್ದರು. ಜಗಲಿಯಲ್ಲಿ ನನ್ನ ಪಕ್ಕಕ್ಕಲ್ಲ, ಒಂದು ಮಾರು ಬಿಟ್ಟು ಕೂರುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಅವರು ಕೂತಿದ್ದಷ್ಟು ಹೊತ್ತು ನನಗೆ ಬೀದಿಯ ಸದ್ದು ಕೇಳಿಸುತ್ತಿತ್ತು: ಜಟಕಾದ ಗಾಲಿ, ಸೊಪ್ಪಿನವಳ ಕೂಗು, ಪಕ್ಕದ ಮನೆಯ ಒರಳು. ಪ್ರಪಂಚ ಅಲ್ಲೇ ಇದೆ ಎಂದು ಗೊತ್ತಾಗುತ್ತಿತ್ತು.

ಹೀಗಿದ್ದೂ ಒಂದು ಮಾತ್ರ ನನ್ನಿಂದ ಆಗಿರಲಿಲ್ಲ. ತಾಯಮ್ಮ ಹೋದಳು ಎಂದು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಊರಿಗೆ ಸುದ್ದಿ ಕಳಿಸಿದವರು ಬೇರೆಯವರು. ಬಂದವರಿಗೆಲ್ಲ ಮೊದಲೇ ಗೊತ್ತಿರುತ್ತಿತ್ತು. ಆ ಮಾತನ್ನು ಆಡದಿದ್ದರೆ ಏನೋ ಸ್ವಲ್ಪ ಉಳಿದಿರುತ್ತದೆ ಎಂಬ ಹಟ ನನಗಿತ್ತು.

ಈ ಆಷಾಢದ ಮೊದಲ ವಾರ ಮಾದಪ್ಪನವರು ಒಂದು ಚೀಲ ಹಿಡಿದು ಬಂದರು. ಕಾರ್ಖಾನೆಗೆ ಸ್ಪಂಜಿನ ಟೊಪ್ಪಿಗೆಯಿರುವ ಹೊಸ ಮೈಕು ಬಂದಿದೆಯಂತೆ. “ಅಳೇದ್ನ ಗುಜ್ರಿಗಾಕಕ್ ಒಂಟಿದ್ರು. ನಾ ಬುಡ್ಲಿಲ್ಲ. ನನ್ ಮರ್ವಾದೆ ಉಳ್ಸಿದ್ ಸೆರಗು ಕಣ್ರಪ್ಪ ಇದು. ನಿಮ್ ತಾವೇ ಇರ್ಬೇಕು,” ಎಂದು ಗೂಡನ್ನು ತೆಗೆದು ನನ್ನ ಮುಂದಿಟ್ಟರು. ಇಷ್ಟು ವರ್ಷದ ಧೂಳಿಗೆ, ಎಣ್ಣೆ ಕೈಗೆ ರೇಷ್ಮೆ ಕಾಡಿಗೆಯಂತೆ ಕಪ್ಪಾಗಿತ್ತು. ಹೊಲಿಗೆ ಬಿಡಿಸಿ ಒಳಗೆ ನೋಡಿದೆ. ಒಳಮೈ ಗಿಣಿಹಸಿರಾಗಿಯೇ ಇತ್ತು, ಅವಳು ಕತ್ತರಿಸಿದ ದಿನ ಇದ್ದ ಹಾಗೆ. ಅದನ್ನು ಟ್ರಂಕಿನಲ್ಲಿ ಸೀರೆಯ ಮೇಲಿಟ್ಟೆ. ಹೊಲಿಸಿ ಸೇರಿಸುವ ಮನಸ್ಸಾಗಲಿಲ್ಲ. ದುಡಿದು ಬಂದದ್ದು, ಹಾಗೇ ಇರಲಿ.

ಶುಕ್ರವಾರ ಒಬ್ಬನೇ ಬೆಟ್ಟ ಹತ್ತಿದೆ. ನಂದಿಯ ಹತ್ತಿರ ಅದೇ ಗಾಳಿ. ಟವೆಲ್ಲನ್ನು ತಲೆಗೆ ಸುತ್ತಿ, ಕಿವಿಯ ಹತ್ತಿರ ಸಡಿಲ ಬಿಟ್ಟುಕೊಂಡೆ. ಬಂಡೆಯ ಪಕ್ಕದಲ್ಲಿ ಅದೇ ಅಜ್ಜಿ, ಅದೇ ಮಜ್ಜಿಗೆ.

“ಇದೇನಪ್ಪೋ, ಈ ಸಲ ಟವಲ್ಲು? ಎಲ್ಲಿ ನಿನ್ ಸೆರಗು?”

ಹೇಳಿದೆ. ಗಾಳಿ ಆ ಮಾತನ್ನು ಎತ್ತಿಕೊಂಡು ಹೋಯಿತು. ಅಜ್ಜಿ “ಆಂ?” ಎಂದಳು. ಒಂದು ಸಲ ಹೇಳಿದ್ದೇ ಕಷ್ಟವಾಗಿತ್ತು, ಇನ್ನೊಮ್ಮೆ ಹೇಳಲಾರೆ ಎಂದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಅಷ್ಟರಲ್ಲಿ ಅವಳು ತನ್ನ ಮಾಸಿದ ಸೆರಗನ್ನು ತಲೆಯ ಮೇಲೆಳೆದು, ಕಿವಿಯ ಬಳಿ ಬೆರಳಿಂದ ಸ್ವಲ್ಪ ಎತ್ತಿ ಹಿಡಿದು, ನನ್ನ ಕಡೆ ಬಾಗಿದಳು.

“ಈಗೇಳಪ್ಪ. ಕೇಳ್ತದೆ.”

“ತಾಯಮ್ಮ ತೀರಿಹೋದಳು, ಅಜ್ಜಿ,” ಎಂದೆ.

ಅವಳು ಪುಣ್ಯ ಗಿಣ್ಯ ಏನೂ ಅನ್ನಲಿಲ್ಲ. ಮಡಕೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ, ಗಾಳಿಗೆ ಮಣ್ಣು ಬೀಳದ ಹಾಗೆ ಅದರ ಮೇಲೆ ಅಂಗೈ ಮುಚ್ಚಿ ಕೊಟ್ಟಳು. ಕುಡಿದೆ. ಹಿಂದೆ ಯಾರೋ ಹೆಂಗಸು ಗಂಡನಿಗೆ, “ಮೂರ್ ಸಲ ಕೂಗ್ದೆ, ಕಿವಿ ಕೇಳಕ್ಕಿಲ್ವಾ ನಿಮ್ಗೆ?” ಎಂದು ಬೈಯುತ್ತ ಹತ್ತಿ ಬರುತ್ತಿದ್ದಳು. ಅಷ್ಟು ಗಾಳಿಯಲ್ಲೂ ಒಂದಕ್ಷರ ಬಿಡದೆ ನನಗೆ ಕೇಳಿಸಿತು.